ರೇಖೆಗೆ, ರೇಖೆಯಲ್ಲಿ, ಒಂದರೊಡನೊಂದು: ‘ಅಲೈನ್‌ಮೆಂಟ್’ ಪರಿಕಲ್ಪನೆ ಮತ್ತು ಕನ್ನಡದ ವಿಭಕ್ತಿ ಚೌಕಟ್ಟುಗಳು

ಸಾರಾಂಶ

‘ಅಲೈನ್‌ಮೆಂಟ್’ ಎಂಬ ಇಂಗ್ಲಿಷ್ ಪದವು ಯಂತ್ರವಿದ್ಯೆ, ರಸ್ತೆ ನಿರ್ಮಾಣ, ವಿಜ್ಞಾನ, ಛಾಯಾಗ್ರಹಣ ಮತ್ತು ಭಾಷಾವಿಜ್ಞಾನಗಳಲ್ಲಿ ಪಾರಿಭಾಷಿಕವಾಗಿ ಬಳಕೆಯಾಗುತ್ತಿದೆ. ಕನ್ನಡದ ಶೈಕ್ಷಣಿಕ ಬರಹವು ಇದಕ್ಕೆ ಹಲವೆಡೆ ‘ಹೊಂದಾಣಿಕೆ’ ಎಂಬ ಒಂದೇ ಪದವನ್ನು ಇಡುತ್ತದೆ. ಈ ಕ್ಷೇತ್ರಗಳಲ್ಲಿ ಪದವು ಸೂಚಿಸುವ ಸಂಬಂಧಗಳು ಒಂದೇ ಅಲ್ಲ. ಇಂಗ್ಲಿಷಿನ ವಾಕ್ಯರಚನೆಯಲ್ಲಿ ಮರೆಯಾಗುವ ಆ ವ್ಯತ್ಯಾಸವನ್ನು ಕನ್ನಡದ ವಿಭಕ್ತಿ ಪ್ರತ್ಯಯಗಳು ಬಿಡಿಸಿ ತೋರಿಸುತ್ತವೆ. ಆದ್ದರಿಂದ ಪಾರಿಭಾಷಿಕ ಪದವನ್ನು ರಚಿಸುವಾಗ ಮೂಲಪದದ ರೂಪಕಕ್ಕಿಂತ ಅದರ ಸಂಬಂಧದ ಚೌಕಟ್ಟನ್ನು ಅನುವಾದಿಸಬೇಕು ಎಂಬುದು ಈ ಲೇಖನದ ವಾದ.

ಪ್ರಮುಖ ಪದಗಳು: ಪಾರಿಭಾಷಿಕ ಪದ, ವಿಭಕ್ತಿ, ಸಾಲುಗೂಡಿಕೆ, ತಾಳೆ, ಎರ್ಗೆಟಿವ್ ರಚನೆ, ಹೊಂದಾಣಿಕೆ

1. ಸಮಸ್ಯೆಯ ಸ್ವರೂಪ

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿಗೆ ಭಾಷಾ ಪ್ರರೂಪವಿಜ್ಞಾನವನ್ನು ಬೋಧಿಸುವಾಗ ನಾನು ಕನ್ನಡದಲ್ಲಿ ಸಿದ್ಧಪಡಿಸಿದ ಟಿಪ್ಪಣಿಗಳಲ್ಲಿ ಒಂದು ದೋಷವಿತ್ತು. ಕ್ರಿಯಾಪದವು ನಾಮಪದದ ಲಿಂಗ, ವಚನ, ಪುರುಷಗಳನ್ನು ಅನುಸರಿಸುವ ‘ಅಗ್ರಿಮೆಂಟ್’ಗೆ ರೂಢಿಯಂತೆ ‘ಹೊಂದಾಣಿಕೆ’ ಎಂದು ಬರೆದಿದ್ದೆ. ವಾಕ್ಯದ ಪಾತ್ರಗಳನ್ನು ಭಾಷೆಯೊಂದು ಹೇಗೆ ಗುಂಪುಗೂಡಿಸುತ್ತದೆ ಎಂಬುದನ್ನು ಹೇಳುವ ‘ಅಲೈನ್‌ಮೆಂಟ್’ಗೂ ಅದೇ ಪದವನ್ನು ಇಟ್ಟಿದ್ದೆ. ಸಂದರ್ಭವೇ ಅರ್ಥವನ್ನು ತಿಳಿಸೀತು ಎಂಬುದು ನನ್ನ ಎಣಿಕೆಯಾಗಿತ್ತು.

ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಳು: ಮಲಯಾಳಂ ಕ್ರಿಯಾಪದಕ್ಕೆ ಹೊಂದಾಣಿಕೆ ಇಲ್ಲ, ಆದ್ದರಿಂದ ಆ ಭಾಷೆಯಲ್ಲಿ ಹೊಂದಾಣಿಕೆಯ ಮಾದರಿಯನ್ನು ಗುರುತಿಸಲು ಬರುವುದಿಲ್ಲ. ಮೊದಲ ಮಾತು ನಿಜ. ಆಧುನಿಕ ಮಲಯಾಳಂನ ಕ್ರಿಯಾರೂಪವು ಕರ್ತೃವಿನ ಲಿಂಗ, ವಚನ, ಪುರುಷಗಳನ್ನು ಸೂಚಿಸುವುದಿಲ್ಲ. ಎರಡನೆಯ ಮಾತು ಸುಳ್ಳು. ವಿಭಕ್ತಿಯ ನೆಲೆಯಲ್ಲಿ ಮಲಯಾಳಂ ಕೂಡ ಕನ್ನಡದಂತೆ ಪ್ರಥಮಾ-ದ್ವಿತೀಯಾ ಮಾದರಿಯ ಭಾಷೆಯೇ. ಆದರೆ ನನ್ನ ಟಿಪ್ಪಣಿಗಳನ್ನು ಓದಿದವರಿಗೆ ಆಕೆಯ ತರ್ಕದಲ್ಲಿ ಒಂದು ಬಿರುಕೂ ಕಾಣುವುದಿಲ್ಲ. ತಪ್ಪು ಉತ್ತರವನ್ನು ಹುಟ್ಟಿಸಿದ್ದು ಪಾರಿಭಾಷಿಕ ಪದ. ಅದನ್ನು ಆಯ್ದವನು ನಾನು.

ಈ ಲೇಖನವು ಆ ಉತ್ತರಪತ್ರಿಕೆಗೆ ತಡವಾಗಿ ಬರೆದ ಸಮಜಾಯಿಷಿ. ‘ಅಲೈನ್‌ಮೆಂಟ್’ ಎಂಬ ಪದವು ಬೇರೆ ಬೇರೆ ಕ್ಷೇತ್ರಗಳಲ್ಲಿ ನಿಜವಾಗಿ ಏನನ್ನು ಹೇಳುತ್ತದೆ ಎಂಬುದನ್ನು ಮೊದಲು ನೋಡಿ, ಅನಂತರ ವ್ಯಾಕರಣಕ್ಕೆ ಮರಳುತ್ತೇನೆ.

2. ಪದದ ಮೂಲ ಮತ್ತು ರೂಪಕದ ಮಿತಿ

ಇಂಗ್ಲಿಷ್ ಪದವು ಫ್ರೆಂಚ್ ಮೂಲದ್ದು. ‘ಲಿನ್ಯ’ ಎಂದರೆ ರೇಖೆ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಲೀನೆಯ’. ಇದು ಅಗಸೆಯ ನಾರನ್ನು ಸೂಚಿಸುವ ‘ಲೀನುಮ್’ನಿಂದ ಬಂದುದು. ಹಾಗಾಗಿ ಪದದ ಬುಡದಲ್ಲಿರುವುದು ಎಳೆದು ಕಟ್ಟಿದ ನಾರಿನ ದಾರ. ಈ ಚಿತ್ರ ನಮಗೆ ಅಪರಿಚಿತವಲ್ಲ. ಗೋಡೆ ಕಟ್ಟುವವರು ಇಂದಿಗೂ ದಾರ ಕಟ್ಟಿ ಇಟ್ಟಿಗೆಯ ವರಸೆಯನ್ನು ಇಡುತ್ತಾರೆ, ತೂಕದ ಗುಂಡು ಬಿಟ್ಟು ಲಂಬವನ್ನು ನೋಡುತ್ತಾರೆ. ಸಂಸ್ಕೃತದ ‘ಸೂತ್ರ’ವೂ ದಾರವೇ, ಅದು ನಿಯಮವೆಂಬ ಅರ್ಥಕ್ಕೆ ಬೆಳೆದಿದೆ.

ಇದನ್ನು ನೋಡಿ ಎಲ್ಲ ಬಳಕೆಗಳಿಗೂ ‘ರೇಖೆ’, ‘ನೇರ’ ಎಂಬ ಮಾತುಗಳ ಮೇಲೆ ಪದ ರಚಿಸಬಹುದೆಂದು ತೋರುವುದು ಸಹಜ. ಆದರೆ ದಾರದ ರೂಪಕವು ಪದದ ಇತಿಹಾಸವನ್ನು ಹೇಳುತ್ತದೆಯೇ ಹೊರತು ಇಂದಿನ ಬಳಕೆಯನ್ನು ಅಳೆಯುವುದಿಲ್ಲ. ಇಂಗ್ಲಿಷಿನಲ್ಲಿ ಆ ಕ್ರಿಯಾಪದವು ಸಾಮಾನ್ಯವಾಗಿ ‘ವಿತ್’ ಎಂಬ ಉಪಸರ್ಗದೊಂದಿಗೆ ಬರುತ್ತದೆ. ಒಂದನ್ನು ಇನ್ನೊಂದಕ್ಕೆ ಸರಿಪಡಿಸಿದರೂ, ಎರಡನ್ನೂ ಪರಸ್ಪರ ಸೇರಿಸಿದರೂ, ಒಂದು ಬಣವನ್ನು ಸೇರಿದರೂ ಅದೇ ‘ವಿತ್’. ಕನ್ನಡದಲ್ಲಿ ಇವು ‘ಗೆ’, ‘ಒಡನೆ’, ‘ಅಲ್ಲಿ’, ‘ಇಂದ’ಗಳಾಗಿ ಬೇರ್ಪಡುತ್ತವೆ. ಮುಂದಿನ ವಿಭಾಗಗಳಲ್ಲಿ ಈ ಪ್ರತ್ಯಯಗಳನ್ನೇ ಒರೆಗಲ್ಲಾಗಿ ಬಳಸಲಾಗಿದೆ.

3. ನಾಲ್ಕು ಕ್ಷೇತ್ರಗಳು, ನಾಲ್ಕು ಚೌಕಟ್ಟುಗಳು

3.1 ಯಂತ್ರ: ‘ಗೆ’

ಕಾರಿನ ಚಕ್ರಗಳ ಅಲೈನ್‌ಮೆಂಟ್ ಎಂದರೆ ಮುಖ್ಯವಾಗಿ ಮೂರು ಕೋನಗಳನ್ನು ಪರೀಕ್ಷಿಸುವುದು. ಮುಂದಿನಿಂದ ನೋಡಿದಾಗ ಚಕ್ರವು ಲಂಬದಿಂದ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷದ ವಾಲುವಿಕೆ ಕ್ಯಾಸ್ಟರ್. ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿಗಳು ಒಳಮುಖವಾಗಿರುವುದು ಅಥವಾ ಹೊರಮುಖವಾಗಿರುವುದು ಟೋ. ಇವು ತಪ್ಪಿದರೆ ಟೈರು ಒಂದೇ ಬದಿಯಲ್ಲಿ ಸವೆಯುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಇಲ್ಲಿ ಗಮನಿಸಬೇಕಾದುದು, ಸರಿಯಾದ ಅಲೈನ್‌ಮೆಂಟ್ ಎಂದರೆ ಚಕ್ರವು ‘ನೇರ’ವಾಗಿರುವುದು ಎಂದಲ್ಲ. ಸ್ಟಿಯರಿಂಗ್ ಅಕ್ಷವನ್ನು ಉದ್ದೇಶಪೂರ್ವಕವಾಗಿಯೇ ವಾಲಿಸಿರುತ್ತಾರೆ. ತಿರುಗಿಸಿದ ಚಕ್ರವು ಮತ್ತೆ ಮುಂದಕ್ಕೆ ಮುಖ ಮಾಡಲು ಆ ವಾಲು ನೆರವಾಗುತ್ತದೆ. ತಯಾರಕರು ನಿಗದಿಪಡಿಸಿದ ಅಳತೆಗೆ ಚಕ್ರವನ್ನು ತರುವುದೇ ಇಲ್ಲಿನ ಕೆಲಸ. ಮೋಟಾರು ಮತ್ತು ಪಂಪಿನ ದಂಡಗಳನ್ನು ಜೋಡಿಸುವಾಗಲೂ ಹೀಗೆಯೇ. ಎರಡು ಅಕ್ಷಗಳು ಸಮಾಂತರವಾಗಿದ್ದು ಪಕ್ಕಕ್ಕೆ ಸರಿದಿರಬಹುದು, ಅಥವಾ ಕೋನದಲ್ಲಿ ಸೇರಿರಬಹುದು. ಸಾಮಾನ್ಯವಾಗಿ ಪಂಪನ್ನು ಸ್ಥಿರವೆಂದು ಇಟ್ಟುಕೊಂಡು, ಮೋಟಾರಿನ ಪಾದಗಳ ಕೆಳಗೆ ತೆಳು ತಗಡುಗಳನ್ನು ಕೊಟ್ಟು, ಮೋಟಾರನ್ನು ಪಂಪಿನ ಅಕ್ಷಕ್ಕೆ ತರುತ್ತಾರೆ.

(1) ಮೋಟಾರನ್ನು ಪಂಪಿನ ಅಕ್ಷಕ್ಕೆ ತಂದರು.

ಸರಿಯುವುದು ಒಂದು, ನಿಲ್ಲುವುದು ಇನ್ನೊಂದು. ಚತುರ್ಥಿಯ ‘ಗೆ/ಕ್ಕೆ’ ಈ ಅಸಮ ಸಂಬಂಧವನ್ನು ತಪ್ಪದೆ ಹೇಳುತ್ತದೆ. ಕಾರ್ಯಾಗಾರದ ಮಾತಿನಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಹೆಸರಿರುವುದು ಸರಿಯಿರುವ ಸ್ಥಿತಿಗಿಂತ ಹೆಚ್ಚಾಗಿ ತಪ್ಪಿದ ಸ್ಥಿತಿಗೆ. ಗಾಡಿ ಎಳೆಯುತ್ತದೆ, ಸೈಕಲ್ಲಿನ ಚಕ್ರ ಬೆಂಡಾಗಿದೆ, ಬೆಂಡು ತೆಗೆಯಬೇಕು. ಸೊಟ್ಟ, ಓರೆ, ಡೊಂಕು, ವಕ್ರ ಎಂದು ಕನ್ನಡದಲ್ಲಿ ದೋಷಕ್ಕಿರುವ ಹೆಸರುಗಳ ಸಮೃದ್ಧಿಯನ್ನೂ ಇದರೊಂದಿಗೆ ನೆನೆಯಬಹುದು.

3.2 ರಸ್ತೆ: ಷಷ್ಠಿಯ ‘ಅ’

ರಸ್ತೆಯ ಎಂಜಿನಿಯರರಿಗೆ ಅಲೈನ್‌ಮೆಂಟ್ ಎಂದರೆ ರಸ್ತೆಯ ನಡುಗೆರೆಯು ನೆಲದ ಮೇಲೆ ಹಿಡಿಯುವ ದಾರಿ. ಅದಕ್ಕೆ ಎರಡು ಮುಖಗಳು. ಅಡ್ಡ ನೆಲೆಯಲ್ಲಿ ನೇರ ಭಾಗಗಳು, ವೃತ್ತಾಕಾರದ ತಿರುವುಗಳು ಮತ್ತು ಅವೆರಡನ್ನು ಹಂತಹಂತವಾಗಿ ಬೆಸೆಯುವ ಸಂಕ್ರಮಣ ತಿರುವುಗಳು. ಲಂಬ ನೆಲೆಯಲ್ಲಿ ಏರು, ಇಳಿಜಾರು ಮತ್ತು ಅವು ಕೂಡುವಲ್ಲಿ ಬರುವ ಉಬ್ಬು-ತಗ್ಗಿನ ವಕ್ರರೇಖೆಗಳು. ಆಗುಂಬೆಯ ಘಾಟಿಯ ಕಡಿದಾದ ತಿರುವುಗಳೂ ಒಂದು ಅಲೈನ್‌ಮೆಂಟೇ. ‘ನೇರ’ ಎಂಬ ಅರ್ಥ ಇಲ್ಲಿ ಪೂರ್ತಿಯಾಗಿ ಬಿದ್ದುಹೋಗಿದೆ.

(2) ಹೊಸ ಹೆದ್ದಾರಿಯ ಅಲೈನ್‌ಮೆಂಟ್ ನಮ್ಮ ತೋಟದ ಮೇಲೆ ಬಂದಿದೆ.

(3) ಮೂರು ಅಲೈನ್‌ಮೆಂಟ್‌ಗಳನ್ನು ಪರಿಶೀಲಿಸಿ ಒಂದನ್ನು ಆರಿಸಿದರು.

(2)ರಲ್ಲಿ ಪದವು ಕ್ರಿಯೆಯನ್ನಾಗಲಿ ಸ್ಥಿತಿಯನ್ನಾಗಲಿ ಹೇಳದೆ ಒಂದು ವಸ್ತುವನ್ನು ಹೇಳುತ್ತದೆ. ಅದು ನಕ್ಷೆಯ ಮೇಲಿರುವ, ಯಾರದೋ ಜಮೀನನ್ನು ಸೀಳಿಕೊಂಡು ಹೋಗಬಲ್ಲ ಗೆರೆ. (3)ರಲ್ಲಿ ಅದನ್ನು ಎಣಿಸಬಹುದಾಗಿದೆ. ಚಕ್ರದ ವಿಷಯದಲ್ಲಿ ‘ಮೂರು ಅಲೈನ್‌ಮೆಂಟ್‌ಗಳಲ್ಲಿ ಒಂದನ್ನು ಆರಿಸಿದರು’ ಎಂಬ ವಾಕ್ಯ ಒಪ್ಪುವುದಿಲ್ಲ. ಇಂಗ್ಲಿಷಿನ ಭಾವನಾಮವು ಕ್ರಿಯೆ, ಫಲ, ಸ್ಥಿತಿ ಮೂರನ್ನೂ ಹೊರುವುದರಿಂದ ಈ ಭೇದ ಮೇಲ್ನೋಟಕ್ಕೆ ಕಾಣದು. ಕನ್ನಡದ ಪತ್ರಿಕೆಗಳು ಈ ಅರ್ಥಕ್ಕೆ ‘ಮಾರ್ಗ’ ಎಂದು ಬರೆಯುವಾಗ ಮಾಡುತ್ತಿರುವುದು ಸರಿಯಾದ ಅನುವಾದವನ್ನೇ. ರೂಪಕವನ್ನು ಬಿಟ್ಟು, ಪದವು ಸೂಚಿಸುವ ವಸ್ತುವನ್ನು ಅವು ಹಿಡಿದಿವೆ.

3.3 ಆಕಾಶ: ‘ಅಲ್ಲಿ’

2019ರ ಡಿಸೆಂಬರ್ 26ರಂದು ಕರ್ನಾಟಕದ ಕರಾವಳಿ ಮತ್ತು ಕೊಡಗಿನ ಕೆಲವೆಡೆ ಕಂಕಣ ಸೂರ್ಯಗ್ರಹಣ ಕಂಡಿತು. ಸೂರ್ಯ, ಚಂದ್ರ ಮತ್ತು ನೋಡುಗ ನಿಂತ ನೆಲ ಒಂದೇ ರೇಖೆಯಲ್ಲಿ ಬಂದವು.

(4) ಮೂರೂ ಒಂದೇ ರೇಖೆಯಲ್ಲಿ ಬಂದವು.

ಇಲ್ಲಿ ಸರಿಪಡಿಸಿದವರಿಲ್ಲ, ಒಂದು ಸ್ಥಿರವಾಗಿ ನಿಂತು ಇನ್ನೊಂದು ಅದಕ್ಕೆ ಬಂದಿತೆಂದೂ ಇಲ್ಲ. ಕ್ರಿಯಾಪದ ಅಕರ್ಮಕ, ರೇಖೆ ಸಪ್ತಮಿಯಲ್ಲಿದೆ. ಆ ರೇಖೆಯಾದರೂ ನೋಡುಗನ ಸ್ಥಾನವನ್ನು ಅವಲಂಬಿಸಿದ್ದು. ಅದೇ ದಿನ ಬೆಂಗಳೂರಿನಲ್ಲಿ ನಿಂತವರಿಗೆ ಕಂಡದ್ದು ಪಾರ್ಶ್ವ ಗ್ರಹಣ ಮಾತ್ರ. ‘ಸಮರೇಖೆ’ ಎಂಬ ಪದ ಸಲ್ಲುವುದು ಇಂಥ ಕಡೆ.

3.4 ಚಿತ್ರ ಮತ್ತು ಪಾಠ: ‘ಒಡನೆ’

ಛಾಯಾಗ್ರಹಣದಲ್ಲಿ ಅಲೈನ್‌ಮೆಂಟ್ ಎಂದರೆ ಒಂದೇ ದೃಶ್ಯದ ಹಲವು ಚಿತ್ರಗಳನ್ನು, ಒಂದರ ಬಿಂದು ಇನ್ನೊಂದರ ಅದೇ ಬಿಂದುವಿನ ಮೇಲೆ ಕೂರುವಂತೆ, ಸೇರಿಸುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೆರ್ಗೈ ಪ್ರೊಕುದಿನ್-ಗೊರ್ಸ್ಕಿ ರಷ್ಯಾದ ಸಾಮ್ರಾಜ್ಯವನ್ನು ಬಣ್ಣದಲ್ಲಿ ಸೆರೆಹಿಡಿಯಲು ಪ್ರತಿ ದೃಶ್ಯವನ್ನೂ ನೀಲಿ, ಹಸಿರು, ಕೆಂಪು ಶೋಧಕಗಳ ಮೂಲಕ ಒಂದಾದ ಮೇಲೊಂದರಂತೆ ಮೂರು ಬಾರಿ ಗಾಜಿನ ಫಲಕಕ್ಕೆ ಇಳಿಸಿದನು. 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಫಲಕಗಳನ್ನು ಕೊಂಡುಕೊಂಡಿತು. ಇಂದು ಆ ಮೂರನ್ನೂ ಗಣಕದಲ್ಲಿ ಒಂದರೊಡನೊಂದು ಕೂಡಿಸಿದಾಗ ಕಟ್ಟಡಗಳು ಸ್ಪಷ್ಟವಾಗಿ ಮೂಡುತ್ತವೆ. ಹರಿಯುವ ನೀರು ಮತ್ತು ಅಲುಗಾಡಿದ ಮನುಷ್ಯರ ಅಂಚಿನಲ್ಲಿ ಬಣ್ಣಗಳು ಚೆದರಿಕೊಳ್ಳುತ್ತವೆ. ಮೂರು ಪ್ರತಿಗಳ ನಡುವೆ ಲೋಕವೇ ಸರಿದಿತ್ತು ಎಂಬುದಕ್ಕೆ ಆ ಚೆದರಿದ ಬಣ್ಣ ಸಾಕ್ಷಿ.

ಜೀವವಿಜ್ಞಾನದಲ್ಲಿ ಎರಡು ಪ್ರೋಟೀನು ಸರಣಿಗಳನ್ನು ಅಕ್ಷರಕ್ಕೆ ಅಕ್ಷರ ಎದುರಿಟ್ಟು, ಅಗತ್ಯವಿದ್ದೆಡೆ ತೆರಪು ಬಿಟ್ಟು, ಅತಿ ಹೆಚ್ಚು ಸಾಮ್ಯ ಬರುವಂತೆ ನೋಡುವ ವಿಧಾನವನ್ನು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿ ಮಂಡಿಸಿದರು. ಮೂಲ ಮತ್ತು ಅನುವಾದಗಳ ವಾಕ್ಯಗಳನ್ನು ಎದುರುಬದುರಾಗಿ ಇಡುವ ಗಣಕ ಭಾಷಾವಿಜ್ಞಾನದ ಕೆಲಸವೂ ಇದೇ ಬಗೆಯದು. ಅನುವಾದಕ ಒಂದು ವಾಕ್ಯವನ್ನು ಎರಡಾಗಿ ಒಡೆದಿರಬಹುದು, ಇನ್ನೊಂದನ್ನು ಬಿಟ್ಟೇ ಇರಬಹುದು.

ಈ ಕೆಲಸಕ್ಕೆ ಕನ್ನಡ ವಿದ್ವತ್ತಿನಲ್ಲಿ ಹೊಸ ಪದ ಹುಡುಕಬೇಕಾಗಿಲ್ಲ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದವರು ಓಲೆಯ ಪ್ರತಿಗಳನ್ನು ಸಾಲಿಗೆ ಸಾಲು ಎದುರಿಟ್ಟು, ಪಾಠಾಂತರವನ್ನೂ ಲೋಪವನ್ನೂ ಗುರುತಿಸುವುದನ್ನು ‘ತಾಳೆ ನೋಡುವುದು’ ಎಂದರು. ಲೆಕ್ಕಪತ್ರದಲ್ಲಿಯೂ ಜಮೆ-ಖರ್ಚು ತಾಳೆಯಾಗಬೇಕು.

(5) ಎರಡು ಪ್ರತಿಗಳನ್ನು ಒಂದರೊಡನೊಂದು ತಾಳೆ ನೋಡಿದರು.

ಸಂಬಂಧ ಪರಸ್ಪರವಾದುದು. ಯಾವ ಪ್ರತಿಯನ್ನು ಮೊದಲು ಹೆಸರಿಸಿದರೂ ಅರ್ಥ ಬದಲಾಗದು. ಪ್ರತಿಯೊಂದನ್ನು ಆಧಾರಪ್ರತಿಯಾಗಿ ಸ್ವೀಕರಿಸಿದ ಕೂಡಲೇ ನಾವು ‘ಆಧಾರಪ್ರತಿಗೆ ತಾಳೆ ಹಾಕಿದರು’ ಎನ್ನುತ್ತೇವೆ, ಎಂದರೆ ‘ಒಡನೆ’ಯಿಂದ ‘ಗೆ’ಗೆ ಜಾರುತ್ತೇವೆ. ಪ್ರತ್ಯಯವು ಇಲ್ಲಿ ಸಂಪಾದನೆಯ ವಿಧಾನವನ್ನೇ ಹೇಳಿಬಿಡುತ್ತದೆ.

4. ವ್ಯಾಕರಣ: ‘ಒಡನೆ’ ಮತ್ತು ‘ಇಂದ’

ಈಗ ಉತ್ತರಪತ್ರಿಕೆಗೆ ಮರಳೋಣ. ಪ್ರರೂಪವಿಜ್ಞಾನದಲ್ಲಿ ಅಕರ್ಮಕ ವಾಕ್ಯದ ಒಂಟಿ ಪಾತ್ರವನ್ನು ‘ಎಸ್’, ಸಕರ್ಮಕ ವಾಕ್ಯದ ಮಾಡುವ ಪಾತ್ರವನ್ನು ‘ಎ’, ಅದರ ಇನ್ನೊಂದು ಪಾತ್ರವನ್ನು ‘ಪಿ’ ಎಂದು ಕರೆಯುವುದು ರೂಢಿ. ಪ್ರಶ್ನೆ ಇಷ್ಟೆ: ‘ಎಸ್’ ಯಾರ ಸಾಲಿಗೆ ಸೇರುತ್ತದೆ?

(6) ಹುಡುಗಿ ಬಂದಳು.

(7) ಹುಡುಗಿ ಹುಡುಗನನ್ನು ಕರೆದಳು.

ಕನ್ನಡದಲ್ಲಿ (6)ರ ‘ಎಸ್’ ಮತ್ತು (7)ರ ‘ಎ’ ಎರಡೂ ಪ್ರಥಮಾ ವಿಭಕ್ತಿಯಲ್ಲಿವೆ. ‘ಪಿ’ ಬೇರೆಯಾಗಿ ‘ಅನ್ನು’ ಪಡೆದಿದೆ. ನಮ್ಮ ಸಾಂಪ್ರದಾಯಿಕ ವ್ಯಾಕರಣದ ‘ಕರ್ತೃ’ ಎಂಬ ಪದವು ‘ಎಸ್’ ಮತ್ತು ‘ಎ’ ಎರಡನ್ನೂ ಒಳಗೊಳ್ಳುವುದರಿಂದ ಈ ಪ್ರಶ್ನೆ ಕನ್ನಡದ ವಿದ್ಯಾರ್ಥಿಗೆ ತಾನಾಗಿ ಹೊಳೆಯುವುದಿಲ್ಲ. ಹಿಂದಿಯ ಪೂರ್ಣಾರ್ಥಕ ವಾಕ್ಯಗಳನ್ನು ನೋಡಿದಾಗ ಹೊಳೆಯುತ್ತದೆ.

(8) ಲಡ್‌ಕಾ ಆಯಾ. ‘ಹುಡುಗ ಬಂದ.’

(9) ಲಡ್‌ಕೇ ನೇ ರೋಟೀ ಖಾಯೀ. ‘ಹುಡುಗ ರೊಟ್ಟಿ ತಿಂದ.’

(9)ರಲ್ಲಿ ‘ಎ’ ಮಾತ್ರ ‘ನೇ’ ಪಡೆದಿದೆ. ‘ಎಸ್’ ಮತ್ತು ‘ಪಿ’ ಪ್ರತ್ಯಯವಿಲ್ಲದೆ ಒಂದೇ ಸಾಲಿನಲ್ಲಿವೆ. ಇದು ಎರ್ಗೆಟಿವ್ ಮಾದರಿ. ಕ್ರಿಯಾಪದವೂ ಸ್ತ್ರೀಲಿಂಗದ ‘ರೋಟೀ’ಯನ್ನೇ ಅನುಸರಿಸಿದೆ. ವಿಭಕ್ತಿಯೂ ಕ್ರಿಯಾಪದದ ಹೊಂದಾಣಿಕೆಯೂ ಒಂದೇ ಕಡೆ ಬೊಟ್ಟು ಮಾಡುವುದರಿಂದ ಈ ಉದಾಹರಣೆಯಲ್ಲಿ ಎರಡು ಪರಿಕಲ್ಪನೆಗಳಿಗೂ ಒಂದೇ ಪದವಿದ್ದರೂ ಗೊಂದಲ ಬೆಳಕಿಗೆ ಬಾರದು. ನೇಪಾಳಿಗೆ ಬಂದಾಗ ಅದು ಬಯಲಾಗುತ್ತದೆ.

(10) ಮ ಆಏಂ. ‘ನಾನು ಬಂದೆ.’

(11) ಮೈಲೇ ಭಾತ್ ಖಾಏಂ. ‘ನಾನು ಅನ್ನ ಉಂಡೆ.’

ವಿಭಕ್ತಿಯಲ್ಲಿ (11)ರ ‘ಎ’ಯು ‘ಲೇ’ ಪಡೆದು (10)ರ ‘ಎಸ್’ನಿಂದ ಬೇರ್ಪಟ್ಟಿದೆ. ಕ್ರಿಯಾಪದದಲ್ಲಿಯಾದರೋ ಎರಡೂ ಕಡೆ ಉತ್ತಮ ಪುರುಷದ ಒಂದೇ ಪ್ರತ್ಯಯವಿದೆ. ವಿಭಕ್ತಿಯಲ್ಲಿ ಎರ್ಗೆಟಿವ್, ಕ್ರಿಯಾಪದದಲ್ಲಿ ಅಲ್ಲ. ಈ ಸಂಗತಿಯನ್ನು ನನ್ನ ಹಳೆಯ ಟಿಪ್ಪಣಿಯ ಪದಗಳಲ್ಲಿ ಬರೆದರೆ ‘ನೇಪಾಳಿಯಲ್ಲಿ ವಿಭಕ್ತಿಯ ಹೊಂದಾಣಿಕೆ ಒಂದು ಬಗೆ, ಹೊಂದಾಣಿಕೆಯ ಹೊಂದಾಣಿಕೆ ಇನ್ನೊಂದು ಬಗೆ’ ಎಂದಾಗುತ್ತದೆ. ಇದು ಕೇವಲ ಕಿವಿಗೆ ಅಹಿತವಾದ ವಾಕ್ಯವಲ್ಲ. ಹೇಳಬೇಕಾದ ವಿಷಯವನ್ನೇ ಹೇಳಲಾರದ ವಾಕ್ಯ.

ವ್ಯಾಕರಣದ ಈ ಸಂಬಂಧವು ಹಿಂದಿನ ನಾಲ್ಕಕ್ಕಿಂತ ಭಿನ್ನ. ಒಂದು ಮೋಟಾರು, ಒಂದು ಪಂಪು ಇದ್ದರೆ (1)ರ ವಾಕ್ಯ ಪೂರ್ಣ. ಎರಡು ಪ್ರತಿಗಳಿದ್ದರೆ (5) ಪೂರ್ಣ. ಇಲ್ಲಿ ಮಾತ್ರ ಮೂರು ಪಾತ್ರಗಳು ಬೇಕು.

(12) ಕನ್ನಡದಲ್ಲಿ ‘ಎಸ್’ ‘ಎ’ಯೊಡನೆ ಕೂಡುತ್ತದೆ, ‘ಪಿ’ಯಿಂದ ಬೇರೆಯಾಗುತ್ತದೆ.

‘ಎಸ್’ ‘ಎ’ಯೊಡನೆ ಕೂಡಿತು ಎಂಬುದಷ್ಟರಿಂದಲೇ ಮಾದರಿ ನಿರ್ಧಾರವಾಗದು. ಮೂರೂ ಪಾತ್ರಗಳು ಒಂದೇ ರೂಪದಲ್ಲಿರುವ ವ್ಯವಸ್ಥೆಯಲ್ಲಿಯೂ ಅವು ಕೂಡಿಯೇ ಇರುತ್ತವೆ. ಬೇರ್ಪಡಿಕೆಯನ್ನು ಹೇಳುವ ‘ಇಂದ’ ಈ ಪರಿಕಲ್ಪನೆಯ ಅರ್ಧಭಾಗ. ‘ಹೊಂದು’ ಧಾತುವಿನಲ್ಲಿ ಇದಕ್ಕೆ ಸ್ಥಾನವಿಲ್ಲ. ‘ಇದಕ್ಕೆ ಹೊಂದುತ್ತದೆ’ ಎನ್ನಬಹುದು, ‘ಅವರೊಡನೆ ಹೊಂದಿಕೊಂಡರು’ ಎನ್ನಬಹುದು. ಯಾವುದರಿಂದ ಬೇರೆಯಾಗಿ ಎಂಬುದನ್ನು ಕೇಳುವ ಗುಣ ಅದಕ್ಕಿಲ್ಲ. ಮೇಲಾಗಿ ‘ಸೀಟು ಹೊಂದಾಣಿಕೆ’, ‘ದಂಪತಿಗಳ ಹೊಂದಾಣಿಕೆ’ ಎಂಬಲ್ಲಿನ ಪರಸ್ಪರ ಬಿಟ್ಟುಕೊಡುವ ಅರ್ಥವನ್ನೂ ಅದು ಹೊತ್ತು ತರುತ್ತದೆ.

ಮೂರನೆಯ ಪಾತ್ರವನ್ನು ಬೇಡುವ ಇನ್ನೊಂದು ಕ್ಷೇತ್ರ ರಾಜಕೀಯ. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮೊದಲ ಶೃಂಗಸಭೆ ನಡೆಸಿದ ರಾಷ್ಟ್ರಗಳ ಕೂಟಕ್ಕೆ ಇಂಗ್ಲಿಷಿನಲ್ಲಿರುವುದು ‘ನಾನ್-ಅಲೈನ್ಡ್’ ಎಂಬ ವಿಶೇಷಣ. ಕನ್ನಡದಲ್ಲಿ ನೆಲೆನಿಂತದ್ದು ‘ಅಲಿಪ್ತ’. ಅಂಟಿಕೊಳ್ಳದಿರುವುದು ಎಂಬ ಅರ್ಥದ ಈ ಪದದಲ್ಲಿ ರೇಖೆಯೂ ಇಲ್ಲ, ದಾರವೂ ಇಲ್ಲ. ಎರಡು ಬಣಗಳಲ್ಲಿ ಯಾವುದನ್ನೂ ಸೇರದಿರುವ ಸಂಬಂಧ ಮಾತ್ರ ಉಳಿದಿದೆ. ಮೂಲದ ರೂಪಕವನ್ನು ಕೈಬಿಟ್ಟೂ ಸಂಬಂಧವನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

5. ಪದಗಳ ಪ್ರಸ್ತಾಪ ಮತ್ತು ಎರಡು ಆಕ್ಷೇಪಗಳು

ಮೇಲಿನ ವಿಶ್ಲೇಷಣೆಯ ಆಧಾರದಲ್ಲಿ ಹೀಗೆ ಸೂಚಿಸಬಹುದು. ನಿಗದಿತ ರೇಖೆಗೆ ಅಥವಾ ಅಳತೆಗೆ ತರುವ ಯಾಂತ್ರಿಕ ಅರ್ಥಕ್ಕೆ ‘ರೇಖೆಗೂಡಿಕೆ’, ರಸ್ತೆ, ರೈಲು, ಕಾಲುವೆಗಳ ಗೆರೆಗೆ ‘ಮಾರ್ಗರೇಖೆ’, ಆಕಾಶಕಾಯಗಳಿಗೆ ‘ಸಮರೇಖೆ’, ಚಿತ್ರ, ಸರಣಿ, ಸಮಾನಾಂತರ ಪಾಠಗಳಿಗೆ ‘ತಾಳೆಗೂಡಿಕೆ’, ವಾಕ್ಯದ ಪಾತ್ರಗಳಿಗೆ ‘ಸಾಲುಗೂಡಿಕೆ’. ಮೆಕಾರ್ತಿ ಮತ್ತು ಪ್ರಿನ್ಸ್ 1993ರಲ್ಲಿ ಧ್ವನಿಮಾ ಮತ್ತು ಆಕೃತಿಮಾ ಘಟಕಗಳ ಅಂಚುಗಳು ಒಂದೆಡೆ ಬೀಳಬೇಕೆಂದು ರೂಪಿಸಿದ ನಿರ್ಬಂಧಗಳಿಗೆ ‘ಅಂಚುಗೂಡಿಕೆ’ ಎನ್ನಬಹುದು. ‘ಹೊಂದಾಣಿಕೆ’ಯು ಕ್ರಿಯಾಪದದ ಲಿಂಗ, ವಚನ, ಪುರುಷಗಳ ಅನುಸರಣೆಗೇ ಮೀಸಲಾಗಿರಲಿ. ಆಗ ನೇಪಾಳಿಯ ಸಂಗತಿ ಸರಳವಾಗುತ್ತದೆ: ವಿಭಕ್ತಿಯಲ್ಲಿ ಸಾಲುಗೂಡಿಕೆ ಎರ್ಗೆಟಿವ್, ಹೊಂದಾಣಿಕೆಯಲ್ಲಿ ಅಲ್ಲ. ಮಲಯಾಳಂನಲ್ಲಿ ಹೊಂದಾಣಿಕೆ ಇಲ್ಲ, ಸಾಲುಗೂಡಿಕೆ ಇದೆ.

ಮೊದಲ ಆಕ್ಷೇಪ: ಒಂದು ಇಂಗ್ಲಿಷ್ ಪದಕ್ಕೆ ಆರು ಕನ್ನಡ ಪದಗಳಾದರೆ ಪರಿಕಲ್ಪನೆಯ ಏಕತೆ ಕಳೆದುಹೋಗದೆ? ಏಕತೆ ನಿಜವಾಗಿ ಇರುವೆಡೆ, ಅಂದರೆ ಬಿಡಿ ಘಟಕಗಳು ಯಾವುದೋ ಒಂದು ನೆಲೆಯಲ್ಲಿ ಕೂಡುವೆಡೆ, ‘ಕೂಡಿಕೆ’ ಎಂಬ ಉತ್ತರಪದವು ಅದನ್ನು ಉಳಿಸುತ್ತದೆ. ಪೂರ್ವಪದವು ಎಲ್ಲಿ ಕೂಡುತ್ತವೆ ಎಂಬುದನ್ನು ಹೇಳುತ್ತದೆ. ರಸ್ತೆಯ ಗೆರೆ ಮತ್ತು ಗ್ರಹಣದ ರೇಖೆ ಈ ಸರಣಿಯಿಂದ ಹೊರಗುಳಿದಿರುವುದು ಉದ್ದೇಶಪೂರ್ವಕ. ಒಂದು ವಸ್ತು, ಇನ್ನೊಂದು ತಾನಾಗಿ ಒದಗುವ ಸ್ಥಿತಿ. ಎರಡರಲ್ಲಿಯೂ ಕೂಡಿಸುವ ಕ್ರಿಯೆ ಇಲ್ಲ.

ಎರಡನೆಯ ಆಕ್ಷೇಪ: ‘ಅಲೈನ್‌ಮೆಂಟ್’ ಎಂದೇ ಬಳಸಿದರೆ ಆಗದೆ? ಟೈರಿನ ಅಂಗಡಿಯಲ್ಲಿ ಖಂಡಿತ ಆಗುತ್ತದೆ. ಅಲ್ಲಿ ಎರವಲು ಪದವು ಒಂದೇ ಕೆಲಸವನ್ನು ಹೇಳುವಷ್ಟು ಬಿಗಿಯಾಗಿದೆ. ಹೆದ್ದಾರಿಗೆ ಜಮೀನು ಹೋಗುವ ಊರಿನಲ್ಲಿಯೂ ಅದು ಅಷ್ಟೇ ಬಿಗಿಯಾಗಿ ಇನ್ನೊಂದು ಅರ್ಥವನ್ನು ಹೇಳುತ್ತದೆ. ಎರವಲು ಪದಕ್ಕೆ ಅರ್ಥ ಕೊಡುವುದು ಬಳಕೆಯ ಲೋಕ. ವ್ಯಾಕರಣದ ತರಗತಿಯಲ್ಲಿ ಆ ಲೋಕ ಇನ್ನೂ ಸೃಷ್ಟಿಯಾಗಿಲ್ಲ. ವಿದ್ಯಾರ್ಥಿಯು ಚಕ್ರದ ಅಥವಾ ರಸ್ತೆಯ ಅರ್ಥವನ್ನು ಹೊತ್ತೇ ಒಳಗೆ ಬರುತ್ತಾನೆ. ಅಲ್ಲಿ ಪದವು ತನ್ನ ವಾಕ್ಯವನ್ನು ತಾನೇ ಸೂಚಿಸುವಂತಿರಬೇಕು. ‘ಸಾಲುಗೂಡಿಕೆ’ ಎಂದೊಡನೆ ‘ಯಾರ ಸಾಲಿಗೆ, ಯಾರನ್ನು ಬಿಟ್ಟು’ ಎಂಬ ಪ್ರಶ್ನೆ ಏಳುತ್ತದೆ. ಪರಿಕಲ್ಪನೆ ಕೇಳುವ ಪ್ರಶ್ನೆಯೂ ಅದೇ.

6. ಸಮಾರೋಪ

ಪಾರಿಭಾಷಿಕ ಪದಗಳ ಚರ್ಚೆಯು ನಮ್ಮಲ್ಲಿ ಬಹುತೇಕ ಸಂಸ್ಕೃತವೋ ಅಚ್ಚಗನ್ನಡವೋ ಇಂಗ್ಲಿಷೋ ಎಂಬ ಆಯ್ಕೆಯ ಸುತ್ತ ನಡೆದಿದೆ. ಪ್ರಸ್ತುತ ವಿಶ್ಲೇಷಣೆಯು ಅದಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಈ ಪದವು ತನ್ನ ಸುತ್ತ ಯಾವ ಪಾತ್ರಗಳನ್ನು, ಯಾವ ವಿಭಕ್ತಿಗಳಲ್ಲಿ ಬೇಡುತ್ತದೆ? ಒಂದು ಸರಳ ಕನ್ನಡ ವಾಕ್ಯವನ್ನು ರಚಿಸಿ ನೋಡಿದರೆ ಸಾಕು, ಉತ್ತರ ದೊರೆಯುತ್ತದೆ. ಪದ ಯಾವ ಮೂಲದ್ದೆಂಬುದನ್ನು ಅನಂತರ ನಿರ್ಧರಿಸಬಹುದು.

ಆ ವಿದ್ಯಾರ್ಥಿನಿಗೆ ಮಲಯಾಳಂ ಕುರಿತ ಪ್ರಶ್ನೆಯಲ್ಲಿ ನಾನು ಪೂರ್ಣ ಅಂಕ ಕೊಟ್ಟೆ. ಕೊಟ್ಟ ಪದಗಳಿಂದ ಆಕೆ ಸರಿಯಾದ ನಿಗಮನವನ್ನೇ ಮಾಡಿದ್ದಳು. ಮುಂದಿನ ವರ್ಷದ ಟಿಪ್ಪಣಿಗಳಲ್ಲಿ ತಿದ್ದಬೇಕಾದವನು ನಾನಾಗಿದ್ದೆ.